500 ರೂಪಾಯಿ ಜಾಸ್ತಿ ಯಾಕೆ ಕೊಡ್ತಾರೆ? ಒಂದು ವೈಂಡಿಂಗ್ ಅಂಗಡಿಯ ಲೆಕ್ಕ

ಚಿತ್ರದುರ್ಗದ ಹೊಳಲ್ಕೆರೆ ರಸ್ತೆಯಲ್ಲಿ ನನ್ನದೊಂದು ಮೋಟಾರ್ ವೈಂಡಿಂಗ್ ಅಂಗಡಿ ಇದೆ. ಅಂದರೆ ಸುಟ್ಟ ಮೋಟಾರಿನ ಒಳಗಿನ ತಾಮ್ರದ ವೈರು ಬಿಚ್ಚಿ, ಹೊಸ ವೈರು ಸುತ್ತಿಕೊಡುವ ಕೆಲಸ. ಬೋರಿನ ನೀರೊಳಗೆ ಮುಳುಗಿರುವ ಸಬ್‌ಮರ್ಸಿಬಲ್ ಮೋಟಾರೇ ಮುಖ್ಯ ಕೆಲಸ. 5 ಎಚ್‌ಪಿ ಮೋಟಾರು ಸುತ್ತಿಕೊಡಲು ಅಕ್ಕಪಕ್ಕದವರಿಗಿಂತ ನಾನು 500 ರೂಪಾಯಿ ಜಾಸ್ತಿ ತೆಗೆದುಕೊಳ್ಳುತ್ತೇನೆ. ಇದು ಗುಟ್ಟೇನಲ್ಲ. ರೈತರು ನಾಲ್ಕು ಕಡೆ ರೇಟು ಕೇಳಿಕೊಂಡೇ ನನ್ನ ಹತ್ತಿರ ಬಂದಿರುತ್ತಾರೆ. ಆದರೂ ಭೀಮಸಮುದ್ರ, ಭರಮಸಾಗರದ ಕಡೆಯಿಂದ ಆಟೋದಲ್ಲಿ ಮೋಟಾರು ಹಾಕಿಕೊಂಡು ಬರುತ್ತಾರೆ. ಈ ಕಸುಬಿಗೆ ಹೊಸದಾಗಿ ಬಂದ ಹುಡುಗರು ಇದು ಹೇಗೆ ಅಂತ ಕೇಳುತ್ತಾ ಇರುತ್ತಾರೆ. ಅವರಿಗೆ ಹೇಳಿದ್ದನ್ನೇ ಬರೆಯುತ್ತಿದ್ದೇನೆ.

ನನ್ನ ಕೆಲಸ ಚೆನ್ನಾಗಿದೆ, ಅದಕ್ಕೇ ಬರುತ್ತಾರೆ ಅಂತ ಹೇಳಿಕೊಳ್ಳಬಹುದಿತ್ತು. ಆದರೆ ಮೋಟಾರು ಮುಚ್ಚಿದ ಮೇಲೆ ಒಳಗಿನ ಕೆಲಸ ರೈತರಿಗೆ ಎಲ್ಲಿ ಕಾಣುತ್ತದೆ? ಒಳ್ಳೆಯ ವೈಂಡಿಂಗೂ ಕಳಪೆ ವೈಂಡಿಂಗೂ ಹೊರಗಿನಿಂದ ಒಂದೇ ಥರ. ಹಾಗಾಗಿ ಅವರು ಕಣ್ಣಿಗೆ ಕಂಡದ್ದನ್ನು ನೋಡಿ ರೇಟು ಒಪ್ಪುತ್ತಾರೆ. ಅಂದರೆ ನಾವು ಮಾತಾಡಿಸುವ ರೀತಿ, ಹೇಳಿದ ದಿನ, ತಾಮ್ರದ ತೂಕ, ಬಿಲ್ಲು.

ಮೊದಲು ರೈತರ ಲೆಕ್ಕ ಅರ್ಥ ಮಾಡಿಕೊಳ್ಳಬೇಕು. ನಮ್ಮ ಕಡೆ 600, 800 ಅಡಿ ಬೋರು ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ಅಷ್ಟು ಆಳದಿಂದ ಮೋಟಾರು ಎತ್ತಲು ಗಾಡಿ ಬರಬೇಕು, ಆಳುಗಳು ಬರಬೇಕು, ಪೈಪು ಒಂದೊಂದಾಗಿ ಬಿಚ್ಚಬೇಕು. ಎತ್ತಲು ಒಂದು ಕೂಲಿ, ಇಳಿಸಲು ಇನ್ನೊಂದು. ಸುತ್ತಿಕೊಟ್ಟ ಮೋಟಾರು ತಿಂಗಳೊಳಗೆ ಮತ್ತೆ ಸುಟ್ಟರೆ ನಾನು ಪುಕ್ಕಟೆ ಸುತ್ತಿಕೊಡಬಹುದು. ಎತ್ತಿ ಇಳಿಸುವ ಕೂಲಿ ಮಾತ್ರ ಅವರ ತಲೆ ಮೇಲೇ. ಅಷ್ಟರಲ್ಲಿ ಏಪ್ರಿಲ್ ಬಿಸಿಲಿಗೆ ಅಡಿಕೆ ತೋಟ ಒಣಗುತ್ತಿರುತ್ತದೆ. ಇದರ ಮುಂದೆ 500 ರೂಪಾಯಿ ಯಾವ ಲೆಕ್ಕ? ಅದು ಅವರಿಗೂ ಗೊತ್ತು. ಆ ದುಡ್ಡು ಕೊಟ್ಟರೆ ಎರಡನೇ ಸಲ ಎತ್ತಿಸುವ ತಾಪತ್ರಯ ತಪ್ಪುತ್ತದೆ ಅಂತ ನಂಬಿಕೆ ಬರಬೇಕು ಅಷ್ಟೇ.

ಅದಕ್ಕೇ ಮೋಟಾರು ಬಂದ ಕೂಡಲೇ ನಾನು ರೇಟು ಹೇಳುವುದಿಲ್ಲ. ಅವರ ಎದುರೇ ಬಿಚ್ಚುತ್ತೇನೆ. ಕೆಲವು ಕಾಯಿಲ್ ಕರ್ರಗಾಗಿ ಉಳಿದವು ಹೊಸದರಂತಿದ್ದರೆ, ಕರೆಂಟಿನ ಮೂರು ಫೇಸಲ್ಲಿ ಒಂದು ಹೋದಾಗಲೂ ಮೋಟಾರು ಓಡಿದೆ ಅಂತ ಅರ್ಥ. ಎಲ್ಲವೂ ಒಂದೇ ಸಮ ಬೆಂದಿದ್ದರೆ ವೋಲ್ಟೇಜ್ ಕಡಿಮೆ ಇತ್ತು, ಇಲ್ಲವೇ ಪಂಪಿಗೆ ಮರಳು ಹೊಕ್ಕು ಜಾಮ್ ಆಗಿತ್ತು. ಪಂಪಿನ ಒತ್ತಡ ಹೊರುವ ಥ್ರಸ್ಟ್ ಬೇರಿಂಗ್ ಸವೆದು ಬುಷ್ ಹಾಳಾಗಿದ್ದರೆ ಬೋರಿನಲ್ಲಿ ನೀರು ಸಾಲದೆ ಒಣಗಿದ್ದಲ್ಲೇ ಓಡಿರಬಹುದು. ಇದನ್ನೆಲ್ಲ ಕೈಯಲ್ಲಿ ಹಿಡಿದು ತೋರಿಸುತ್ತೇನೆ. “ಕಂಡೆನ್ಸರ್ ಹಾಕಿ ಟೂ ಫೇಸಲ್ಲಿ ಓಡ್ಸಿದ್ರಾ ಯಜಮಾನ್ರೆ?” ಅಂದರೆ ಮೊದಲು ಇಲ್ಲ ಅನ್ನುತ್ತಾರೆ, ಆಮೇಲೆ ನಗುತ್ತಾರೆ. ತ್ರೀ ಫೇಸ್ ಕರೆಂಟು ಬರುವುದೇ ದಿನದಲ್ಲಿ ಕೆಲವು ಗಂಟೆ, ಅದೂ ಎಷ್ಟೋ ಸಲ ರಾತ್ರಿ. ತೋಟ ಬಾಡುವಾಗ ಯಾರು ತಾನೇ ಸುಮ್ನೆ ಕೂರುತ್ತಾರೆ? ಅದಕ್ಕೆ ನಾನು ಬೈಯುವುದಿಲ್ಲ. ಸ್ಟಾರ್ಟರ್ ಜೊತೆಗೆ, ಒಂದು ಫೇಸ್ ಹೋದರೆ ಮೋಟಾರು ನಿಲ್ಲಿಸುವ ಸಿಂಗಲ್ ಫೇಸ್ ಪ್ರಿವೆಂಟರ್ ಹಾಕಿಸಿ ಅನ್ನುತ್ತೇನೆ. ಅದನ್ನು ನನ್ನ ಹತ್ತಿರವೇ ಕೊಳ್ಳಿ ಅನ್ನುವುದಿಲ್ಲ. ಹಾಗೆ ಅಂದ ಕ್ಷಣವೇ, ಅಲ್ಲಿಯವರೆಗೆ ಹೇಳಿದ್ದೆಲ್ಲ ವ್ಯಾಪಾರದ ಮಾತಾಗಿಬಿಡುತ್ತದೆ.

ಇನ್ನು ತಾಮ್ರ. ನಮ್ಮ ಕಸುಬಿನ ಮೇಲಿರುವ ದೊಡ್ಡ ಗುಮಾನಿ ಇದೇ. ಸುಟ್ಟ ವೈರಿನ ತಾಮ್ರಕ್ಕೆ ಗುಜರಿಯಲ್ಲಿ ಒಳ್ಳೆ ಬೆಲೆ ಇದೆ. ಅದನ್ನು ಅಂಗಡಿಯವರು ಸುಮ್ಮನೆ ಇಟ್ಟುಕೊಳ್ಳುತ್ತಾರೆ, ಹೊಸ ವೈರನ್ನೂ ಕಡಿಮೆ ತೂಕ ಹಾಕುತ್ತಾರೆ ಅಂತ ಹಳ್ಳಿಯಲ್ಲಿ ಮಾತು. ಆ ಮಾತು ಪೂರ್ತಿ ಸುಳ್ಳೂ ಅಲ್ಲ. ನಾನು ತಕ್ಕಡಿಯನ್ನು ಒಳಗಿನ ಕೋಣೆಯಿಂದ ತಂದು ಬಾಗಿಲ ಹತ್ತಿರ ಇಟ್ಟೆ. ಬಿಚ್ಚಿದ ತಾಮ್ರವನ್ನು ಅವರ ಎದುರೇ ತೂಗಿ, ಚೀಲಕ್ಕೆ ಹಾಕಿ, ಮೋಟಾರಿನ ನಂಬರು ಬರೆದು ಕಟ್ಟುತ್ತೇನೆ. ಬೇಕಾದರೆ ಒಯ್ಯಬಹುದು. ಬೇಡ ಅಂದರೆ ಆವತ್ತಿನ ಗುಜರಿ ರೇಟಿನಂತೆ ಬಿಲ್ಲಿನಲ್ಲಿ ಕಳೆಯುತ್ತೇನೆ. ಹೊಸ ವೈರನ್ನೂ ಹೀಗೇ ತೂಗಿ ಬರೆಯುತ್ತೇನೆ.

ಹೊಸದಾಗಿ ಹೀಗೆ ಶುರು ಮಾಡಿದ್ದಾಗ ಒಬ್ಬ ಅಜ್ಜಿ ಬಂದಿದ್ದರು. ಮಗ ಬೆಂಗಳೂರಲ್ಲಿ, ತೋಟ ನೋಡಿಕೊಳ್ಳುವುದು ಅವರೇ. ಚೀಲ ಕೈಗೆ ಕೊಟ್ಟೆ. “ಇದು ನಂಗ್ಯಾಕಪ್ಪಾ?” ಅಂದರು. “ನಿಮ್ಮದೇ ತಾಮ್ರ ಅಮ್ಮಾ, ತಗೊಂಡ್ ಹೋಗಿ” ಅಂದೆ. “ಇಷ್ಟು ವರ್ಷ ಇದು ನಂದು ಅಂತ ಯಾರೂ ಹೇಳ್ಲೇ ಇಲ್ವಲ್ಲೋ!” ಅಂತ ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಅಂದರು. ನನಗೆ ಒಳಗೊಳಗೇ ಖುಷಿ. ಆವತ್ತು ಅವರು ಬಿಲ್ಲಿನಲ್ಲಿ ಒಂದು ರೂಪಾಯಿಯನ್ನೂ ಚೌಕಾಸಿ ಮಾಡಲಿಲ್ಲ. ಆಮೇಲೆ ಅವರ ಊರಿನಿಂದ ಬಂದವರೆಲ್ಲ ಮೊದಲು ಕೇಳಿದ್ದು ತಾಮ್ರದ ಚೀಲವನ್ನೇ, ರೇಟನ್ನಲ್ಲ.

ಬಿಲ್ಲಿನಲ್ಲಿ ವೈರು ಬೇರೆ, ಕೂಲಿ ಬೇರೆ, ಬುಷ್ ಬೇರಿಂಗ್ ಬೇರೆ ಬರೆಯುವುದು ನನ್ನ ಪದ್ಧತಿ. ಇದರ ಉಪಯೋಗ ಗೊತ್ತಾದದ್ದು 2021ರಲ್ಲಿ. ಆ ವರ್ಷ ಮೇ ತಿಂಗಳಲ್ಲಿ ಲಂಡನ್ ಮಾರುಕಟ್ಟೆಯಲ್ಲಿ ತಾಮ್ರ ಟನ್ನಿಗೆ 10,000 ಡಾಲರ್ ದಾಟಿ, 2011ರ ದಾಖಲೆಯನ್ನೂ ಮುರಿಯಿತು. ವೈರಿನ ರೇಟು ಸಿಕ್ಕಾಪಟ್ಟೆ ಏರಿತು. ಒಟ್ಟಾಗಿ ಇಷ್ಟು ಅಂತ ಹೇಳುತ್ತಿದ್ದ ಅಂಗಡಿಗಳಲ್ಲಿ ದಿನಾ ಜಗಳ. ನನ್ನ ಬಿಲ್ಲಿನಲ್ಲಿ ಕೂಲಿ ಹಳೆಯದೇ, ಏರಿದ್ದು ವೈರಿನ ಸಾಲು ಮಾತ್ರ. ಹಳೇ ತಾಮ್ರಕ್ಕೆ ಕಳೆಯುವ ದುಡ್ಡೂ ಜಾಸ್ತಿಯಾಗಿತ್ತು. ಹಳೇ ಬಿಲ್ಲು ತಂದು ಹೋಲಿಸಿ ನೋಡಿದವರು ಗೊಣಗಿದರು, ಕೊಟ್ಟರು.

ಹೇಳಿದ ದಿನಕ್ಕೆ ಕೊಡುವ ವಿಷಯ ಚಿಕ್ಕದು, ಆದರೆ ಬಹಳ ಜನ ಕೆಡುವುದು ಅಲ್ಲೇ. ಬೇಸಿಗೆಯಲ್ಲಿ “ನಾಳೆ ಕೊಡ್ತೀನಿ” ಅನ್ನುವುದು ನಮ್ಮವರ ಚಟ. ರೈತರು ಆ ಮಾತು ನಂಬಿ ಇಳಿಸುವ ಗಾಡಿಗೆ ಹೇಳಿಬಿಟ್ಟಿರುತ್ತಾರೆ. ಗಾಡಿ ಬಂದು ಸುಮ್ಮನೆ ನಿಂತರೆ ಅದಕ್ಕೂ ಬಾಡಿಗೆ. ನಾನು ಎರಡು ದಿನ ಆಗುತ್ತದೆ ಅನ್ನಿಸಿದರೆ ಮೂರು ಅನ್ನುತ್ತೇನೆ. ಮೆಗ್ಗರ್ ಅನ್ನುವ ಮೀಟರ್ ಹಿಡಿದು, ಕರೆಂಟು ಸೋರದ ಹಾಗೆ ಇನ್ಸುಲೇಶನ್ ಸರಿ ಇದೆ ಅಂತ ನೋಡಿದ ಮೇಲೆ ನಾನೇ ಫೋನ್ ಮಾಡಿ “ಈಗ ಗಾಡಿಗೆ ಹೇಳಿ” ಅನ್ನುತ್ತೇನೆ. ಮೂರು ದಿನ ಅಂದ ಕೂಡಲೇ ಬೇರೆ ಕಡೆ ಹೋಗುವವರು ಇದ್ದಾರೆ, ಹೋಗಲಿ.

ಕಾಯುವಷ್ಟು ದಿನ ಬದಲಿ ಮೋಟಾರು ಕೊಡಬಹುದಲ್ವಾ ಅಂತ ಕೆಲವರು ಕೇಳುತ್ತಾರೆ. ತೆರೆದ ಬಾವಿಯ ಮೊನೊಬ್ಲಾಕ್‌ಗೆ, ಅಂದರೆ ಮೋಟಾರು ಪಂಪು ಒಂದೇ ಆಗಿರುವುದಕ್ಕೆ ಕೊಡುತ್ತೇನೆ, ಅದು ಸುಲಭ. ಆಳದ ಬೋರಿಗೆ ಬದಲಿ ಇಳಿಸಿ ಮತ್ತೆ ಎತ್ತುವ ಖರ್ಚು ಯಾರಿಗೂ ಬೇಡ. ಚೆನ್ನಾಗಿರುವ ಕುರ್ಚಿ, ಫ್ಯಾನು, ಟೀ ಇವಕ್ಕೂ ಜನ ಒಂದು ರೂಪಾಯಿ ಜಾಸ್ತಿ ಕೊಡುವುದಿಲ್ಲ. ಟೀ ಕುಡಿದೇ ಚೌಕಾಸಿ ಶುರು ಮಾಡುತ್ತಾರೆ.

ಒಂದು ಎಚ್ಚರಿಕೆ. ಉದ್ರಿಯವರು ರೇಟು ಒಪ್ಪಿದ್ದನ್ನು ನಿಮ್ಮ ಸೇವೆಗೆ ಸಿಕ್ಕ ಬೆಲೆ ಅಂತ ತಿಳಿಯಬೇಡಿ. “ಅಡಿಕೆ ಮಾರಿದ್ ಮೇಲೆ ಕೊಡ್ತೀನಿ” ಅನ್ನುವವರು ಯಾವ ರೇಟು ಹೇಳಿದರೂ ತಲೆ ಆಡಿಸುತ್ತಾರೆ. ಕೊಡುವ ದಿನ ಬಂದಾಗ ಚೌಕಾಸಿ. ರೇಟು ಏರಿಸಬಹುದಾ ಅಂತ ನೋಡುವಾಗ ನಾನು ಕೈಯಲ್ಲಿ ದುಡ್ಡು ಹಿಡಿದು ಬಂದವರನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತೇನೆ.

ನಿಜವಾದ ಪರೀಕ್ಷೆ ಆದದ್ದು 2022ರಲ್ಲಿ. ಆ ವರ್ಷದ ಮಳೆಗೆ ಹಿರಿಯೂರಿನ ಮಾರಿಕಣಿವೆ ಜಲಾಶಯ 1933ರ ನಂತರ ಮೊದಲ ಸಲ ಕೋಡಿ ಬಿತ್ತು. ಎಲ್ಲರಿಗೂ ಹಬ್ಬ, ನಮಗೆ ಮಾತ್ರ ಕೆಲಸವಿಲ್ಲ. ತೋಟಕ್ಕೆ ಮಳೆ ನೀರೇ ಸಾಕಾದಾಗ ಮೋಟಾರು ಯಾಕೆ ಸುಡುತ್ತದೆ? ಸುತ್ತಮುತ್ತಲಿನವರು ರೇಟು ಇಳಿಸಿದರು. ನಾನು ಇಳಿಸಲಿಲ್ಲ. ಕೆಲವು ಹಳೇ ಗಿರಾಕಿಗಳು ಆಗ ಹೋದವರು ಮತ್ತೆ ಬಂದಿಲ್ಲ. ಬರಲೇಬೇಕು ಅಂತಲೂ ಇಲ್ಲ, ಅವರಿಗೆ ಅಲ್ಲಿ ಕೆಲಸ ಚೆನ್ನಾಗಿ ಆಗಿರಬಹುದು. ಆದರೆ ಆಳದ ಬೋರಿನವರು ಹೆಚ್ಚಿನವರು ಬಿಟ್ಟು ಹೋಗಲಿಲ್ಲ. ಎತ್ತುವ ಖರ್ಚು ಜಾಸ್ತಿ ಇದ್ದಷ್ಟೂ ಜನ ನನ್ನ ರೇಟಿಗೆ ಅಂಜುವುದು ಕಡಿಮೆ. ಕಡಿಮೆ ಆಳದವರಿಗೆ ಬೇಕಾದ್ದು ಕಡಿಮೆ ರೇಟು. ಅವರಿಗಾಗಿ ಹೊಡೆದಾಡುವುದನ್ನು ನಾನು ಬಿಟ್ಟಿದ್ದೇನೆ.

ಈಗ ಇನ್ನೊಂದು ಶುರು ಮಾಡಿದ್ದೇನೆ. ಮೋಟಾರು ಇಳಿಸಿದ ದಿನ ತೋಟಕ್ಕೇ ಹೋಗಿ, ಕ್ಲ್ಯಾಂಪ್ ಮೀಟರ್ ಹಿಡಿದು, ಮೂರೂ ಫೇಸಿನ ಆಂಪ್ಸ್, ಅಂದರೆ ಮೋಟಾರು ಎಳೆಯುವ ಕರೆಂಟು ಎಷ್ಟು ಅಂತ ನೋಡಿ ಪ್ಯಾನಲ್ ಬೋರ್ಡಿನ ಬಾಗಿಲ ಒಳಗೆ ಬರೆದು ಬರುತ್ತೇನೆ. ಮುಂದೆ ಆಂಪ್ಸ್ ಇದಕ್ಕಿಂತ ಏರಿದರೆ ಓಡಿಸಬೇಡಿ, ಫೋನ್ ಮಾಡಿ ಅಂತ ಹೇಳುತ್ತೇನೆ. ಮೊದಲು ಇದನ್ನು ಪುಕ್ಕಟೆ ಮಾಡುತ್ತಿದ್ದೆ. ಈಗ 300 ರೂಪಾಯಿ ಅಂತ ಬಿಲ್ಲಿನಲ್ಲೇ ಬರೆಯುತ್ತೇನೆ, ಬೇಡ ಅಂದವರಿಗೆ ಒತ್ತಾಯವಿಲ್ಲ. ಹೊಸಬರು ಬೇಡ ಅನ್ನುತ್ತಾರೆ. ಮೋಟಾರು ಎರಡು ಸಲ ಎತ್ತಿಸಿದವರು ಯಾರೂ ಬೇಡ ಅಂದಿಲ್ಲ.