ಹೈಬ್ರಿಡ್ ಕಾರಿನ ಪೆಟ್ರೋಲ್ ಮುಳ್ಳು: ಮಾಡ್ಯೂಲ್ ಬದಲಿಸದೆ ದಾರಿಗೆ ತಂದ ಬಗೆ

ಟ್ಯಾಂಕಿನೊಳಗೆ ಕೂರುವ ಇಡೀ ಪಂಪ್ ಮಾಡ್ಯೂಲ್ ಬದಲಿಸದೆ, ಪೆಟ್ರೋಲ್ ಮಟ್ಟ ತಪ್ಪು ತೋರಿಸುತ್ತಿದ್ದ ನಮ್ಮ ಕಾರಿನ ಗೇಜ್ ಸರಿಹೋಗಲ್ಲ ಅಂತ ಮೈಸೂರಿನಲ್ಲಿ ಹೇಳದವರೇ ಇರಲಿಲ್ಲ. ಕೂಲಿ ಸೇರಿ ಕೊಟ್ಟ ಅಂದಾಜು ಇಪ್ಪತ್ತು ಸಾವಿರದ ಆಸುಪಾಸು. ಕೊನೆಗೆ ಕೈ ಬಿಟ್ಟದ್ದು ಎರಡೂವರೆ ಸಾವಿರದೊಳಗೆ, ಅದರಲ್ಲೂ ಅರ್ಧದಷ್ಟು ದಂಡ. ಈಗ ನಾವೇ ಬರೆದುಕೊಂಡ ಪಟ್ಟಿಯ ಪ್ರಕಾರ ಓದಿದರೆ ಮುಳ್ಳಿನ ಲೆಕ್ಕಕ್ಕೂ ಬಂಕಿನಲ್ಲಿ ಹಿಡಿಸುವುದಕ್ಕೂ ಹೆಚ್ಚೆಂದರೆ ಒಂದು ಲೀಟರ್ ವ್ಯತ್ಯಾಸ. ಕಾರು ಸ್ಟ್ರಾಂಗ್ ಹೈಬ್ರಿಡ್ (ಪೆಟ್ರೋಲ್ ಇಂಜಿನ್ ಜೊತೆಗೆ ಬ್ಯಾಟರಿಯಿಂದಲೂ ಓಡುವಂಥದ್ದು), ಟ್ಯಾಂಕ್ 45 ಲೀಟರಿನದು, ವಾರಂಟಿ ಮುಗಿದದ್ದು. ವಾರಂಟಿ ಇರುವವರು ಹಿಂದಿನ ಸೀಟು (ಮಾಡ್ಯೂಲ್ ಇರುವುದು ಅದರ ಕೆಳಗೆ) ಎತ್ತುವ ಗೋಜಿಗೇ ಹೋಗಬೇಡಿ.

ರೋಗ ಒಂದಲ್ಲ, ಮೂರು. ಸೆಂಡರ್ (ಟ್ಯಾಂಕಿನೊಳಗೆ ತೇಲುವ ಫ್ಲೋಟಿನಿಂದ ಮಟ್ಟ ಅಳೆಯುವ ಭಾಗ) ತಪ್ಪು ಹೇಳುವುದು, ಮೀಟರ್ ತಡವಾಗಿ ಒಪ್ಪಿಕೊಳ್ಳುವುದು, ‘ಇನ್ನೆಷ್ಟು ಕಿಲೋಮೀಟರ್’ ಅನ್ನುವ ಲೆಕ್ಕ ಹುಚ್ಚಾಟವಾಡುವುದು. ಮೂರನ್ನೂ ಒಟ್ಟಿಗೆ ಕಲಸಿಕೊಂಡು ‘ಗೇಜ್ ಹಾಳು’ ಅಂದುಬಿಟ್ಟರೆ ಪಾರ್ಟು ಬದಲಿಸುವುದೊಂದೇ ದಾರಿ ಕಾಣುತ್ತದೆ.

ಮೊದಲು ಮೀಟರ್. ಇದಕ್ಕೆ ಕಾಸು ಬೇಕಿಲ್ಲ. ಪೆಟ್ರೋಲ್ ಅಲುಗಾಡುತ್ತದೆ ಅಂತ ಮೀಟರ್ ಸೆಂಡರಿನ ಮಾತನ್ನು ಸರಾಸರಿ ಮಾಡಿ, ತುಂಬಾ ನಿಧಾನವಾಗಿ ತೋರಿಸುತ್ತದೆ. ಪವರ್ ಆನ್ ಮಾಡಿದ ಗಳಿಗೆಯಲ್ಲಿ ಮಾತ್ರ ಫ್ಲೋಟ್ ಹೇಳಿದ್ದನ್ನು ನೇರವಾಗಿ ನಂಬುತ್ತದೆ. ಹೈಬ್ರಿಡ್ಡಿನಲ್ಲಿ ಇಂಜಿನ್ ಸದ್ದಿಲ್ಲದ್ದರಿಂದ ಎಸಿ ಓಡಲಿ ಅಂತ ರೆಡಿ ದೀಪ (ಕಾರು ಓಡಲು ಸಿದ್ಧ ಅನ್ನುವ ಸೂಚನೆ) ಆರಿಸದೆ ಪೆಟ್ರೋಲ್ ಹಾಕಿಸುವವರೇ ಹೆಚ್ಚು. ಇಂಜಿನ್ ತಾನಾಗಿ ಎದ್ದೀತು ಎಂಬ ಅಪಾಯ ಒಂದು ಕಡೆ. ಮುಳ್ಳು ಮೇಲೇರಲು ಮೈಸೂರಿನಂಚಿನ ಸಿದ್ದಲಿಂಗಪುರದಿಂದ ಶ್ರೀರಂಗಪಟ್ಟಣ ಮುಟ್ಟುವಷ್ಟು ಹೊತ್ತು ಹಿಡಿಯುವುದು ಇನ್ನೊಂದು ಕಡೆ. ಪೂರ್ತಿ ಆಫ್ ಮಾಡಿ, ಹಾಕಿಸಿ, ಆಮೇಲೆ ಆನ್ ಮಾಡಿ. ಇಳಿಜಾರಿನಲ್ಲಿ ನಿಲ್ಲಿಸಿ ಆನ್ ಮಾಡಿದರೂ ಇದೇ ಪಾಡು: ಮೂತಿ ಕೆಳಗಿದ್ದಾಗಿನ ತಪ್ಪು ಮಟ್ಟವೇ ಆರಂಭದ ಲೆಕ್ಕವಾಗಿ ಬಹಳ ದೂರ ಜೊತೆಗೇ ಬರುತ್ತದೆ. ಸಮತಟ್ಟು ಜಾಗಕ್ಕೆ ಬಂದು ಆಫ್ ಮಾಡಿ, ಒಂದು ನಿಮಿಷ ಬಿಟ್ಟು ಆನ್ ಮಾಡಿದರೆ ತೊಳೆದುಹೋಗುತ್ತದೆ. ದೂರುಗಳಲ್ಲಿ ಅರ್ಧ ಇಲ್ಲಿಗೇ ಮುಗಿಯುತ್ತವೆ.

ಎರಡನೆಯದು ಸೆಂಡರ್. ನಮ್ಮ ಕಾರಿನಲ್ಲಿ ಮುಳ್ಳು ಅರ್ಧದ ಕೆಳಗೆ ಬಂದಾಗ ಹಠಾತ್ತನೆ ಸೊನ್ನೆಗೆ ಬಿದ್ದು ಮತ್ತೆ ಏಳುತ್ತಿತ್ತು. ಪೆಟ್ರೋಲ್ ಮಟ್ಟದ ಓದು ತಪ್ಪಿದೆ ಅನ್ನುವ ದೋಷದ ಕೋಡ್ ಪಿ0461 ಬಂದುಹೋಗುತ್ತಿತ್ತು, ಅದರ ಸಿಗ್ನಲ್ ಮಿತಿ ಮೀರಿದೆ ಅನ್ನುವ ಪಿ0463 ಒಮ್ಮೊಮ್ಮೆ. ಟ್ಯಾಂಕ್ ಬಿಚ್ಚುವ ಮೊದಲು ಕನೆಕ್ಟರ್‌ನಲ್ಲೇ ಅಳೆಯಿರಿ. 12 ವೋಲ್ಟ್ ನೆಗೆಟಿವ್ ಕಳಚಿ, ಮಲ್ಟಿಮೀಟರ್ 2 ಕಿಲೋ ಓಮ್‌ನಲ್ಲಿಟ್ಟು ನೋಡಿದರೆ ನಮ್ಮ ಕಾರಿನಲ್ಲಿ ಟ್ಯಾಂಕ್ ತುಂಬಿದಾಗ ಸುಮಾರು 15 ಓಮ್, ಖಾಲಿಯಾದಾಗ 410ರ ಹತ್ತಿರ. ಅಂದರೆ ಲೀಟರಿಗೆ ಹೆಚ್ಚುಕಡಿಮೆ 9 ಓಮ್. ಈ ಅಂಕಿ ತಲೆಯಲ್ಲಿದ್ದರೆ ಸಾಕು, ಅರ್ತಿಂಗ್ ಜಾಗದಲ್ಲಿ ಹಸಿರು ಕಟ್ಟಿ 10 ಓಮ್ ಹೆಚ್ಚಾದರೆ ಒಂದು ಲೀಟರ್ ಮಾಯವಾಗುವುದು ಅರ್ಥವಾಗುತ್ತದೆ. ನಮ್ಮದರಲ್ಲಿ ಅದೂ ಇತ್ತು. ಬೋಲ್ಟ್ ಬಿಚ್ಚಿ, ಲೋಹ ಹೊಳೆಯುವಂತೆ ಉಜ್ಜಿ, ಗ್ರೀಸ್ ಸವರಿದ್ದಕ್ಕೆ ಖರ್ಚು ಹತ್ತು ರೂಪಾಯಿಯೂ ಆಗಿಲ್ಲ.

ದಂಡವಾದದ್ದು ಇವು. ಸರಣಿಯಲ್ಲಿ ರೆಸಿಸ್ಟರ್ ಹಾಕಿ ಮುಳ್ಳನ್ನು ಹೊಂದಿಸಿ ಅನ್ನುವ ಸಲಹೆ: ಖಾಲಿ ತುದಿ ಹೊಂದಿದರೆ ತುಂಬಿದ ತುದಿ ಕೆಡುತ್ತದೆ, ಸೆಂಡರಿನಲ್ಲಿ ಸಂಪರ್ಕ ತಪ್ಪುವ ಸತ್ತ ಜಾಗ ಸತ್ತೇ ಇರುತ್ತದೆ. ಕೊಳೆ ಬಿಡಿಸುವ ಪಿಇಎ ಎಂಬ ರಾಸಾಯನಿಕ ಇರುವ, ಪೆಟ್ರೋಲಿಗೆ ಬೆರೆಸುವ ಕ್ಲೀನರ್, ಬಾಟಲಿಗೆ ಆರುನೂರು ಚಿಲ್ಲರೆ: ಗಂಧಕದಿಂದ ಕಪ್ಪಾದ ಬೆಳ್ಳಿ ಸಂಪರ್ಕವನ್ನು ಸ್ವಲ್ಪ ಬಿಡಿಸಿತು, ಮುಂದಿನ ಟ್ಯಾಂಕಿಗೆ ಮತ್ತೆ ಹಳೇ ಕಥೆ. ಕಪ್ಪು ಆಗತಾನೆ ಹಿಡಿಯುತ್ತಿರುವವರಿಗೆ ಇದೇ ಸಾಕಾದೀತು.

ಕೊನೆಗೆ ಬಿಚ್ಚಲೇಬೇಕಾಯಿತು. ಟ್ಯಾಂಕ್ ಕಾಲು ಭಾಗಕ್ಕಿಂತ ಕೆಳಗಿರಲಿ, ಬಯಲಲ್ಲಿ ಮಾಡಿ, ಬೆಂಕಿ ಆರಿಸುವ ಪೌಡರ್ ಸಿಲಿಂಡರ್ ಕೈಗೆಟುಕುವಲ್ಲಿರಲಿ. ದೊಡ್ಡ ಬ್ಯಾಟರಿಯ ಹೈ ವೋಲ್ಟೇಜ್ ಹರಿಯುವ ಕೇಸರಿ ಕೇಬಲ್ ಕಂಡ ಕಡೆ ಕೈ ಹಾಕಬೇಡಿ. ಅದರ ಹತ್ತಿರ ಕೆಲಸವಿದ್ದರೆ ಆ ಬ್ಯಾಟರಿಯ ಸಂಪರ್ಕ ಕಡಿಯುವ ಸರ್ವಿಸ್ ಪ್ಲಗ್ ತೆಗೆದು ಹತ್ತು ನಿಮಿಷ ಕಾಯಬೇಕು. ಮಾಡ್ಯೂಲ್ ಹಿಡಿದಿಟ್ಟ ಲಾಕ್ ರಿಂಗಿಗೆ ಸ್ಕ್ರೂಡ್ರೈವರ್ ಇಟ್ಟು ಸುತ್ತಿಗೆಯಿಂದ ಹೊಡೆಯುವ ಗ್ಯಾರೇಜ್ ಪದ್ಧತಿ ಬೇಡ, ಕಿಡಿ ಹಾರುತ್ತದೆ. ಹಿತ್ತಾಳೆ ಕಡ್ಡಿ ಬಳಸಿ. ಮಾಡ್ಯೂಲ್ ಎತ್ತುವಾಗ ಫ್ಲೋಟ್ ತೋಳು ತೂತಿನ ಅಂಚಿಗೆ ಸಿಕ್ಕಿ ಬಾಗಿದರೆ ಮುಂದೆ ಜನ್ಮಪೂರ್ತಿ ಸುಳ್ಳು ಲೆಕ್ಕ. ಹಳೆಯ ಗ್ಯಾಸ್ಕೆಟ್ ಪೆಟ್ರೋಲ್ ಕುಡಿದು ಊದಿರುತ್ತದೆ, ವಾಪಸ್ ಕೂರುವುದೇ ಇಲ್ಲ. ಹೊಸದು ಮೊದಲೇ ತಂದಿಟ್ಟುಕೊಳ್ಳಿ. ನಮ್ಮೂರಲ್ಲಿ ಸಿಗದೆ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಿದ್ದು, ಮುನ್ನೂರೈವತ್ತೋ ನಾನೂರೋ.

ಸೆಂಡರ್ ಕಾರ್ಡಿನ (ಓಮ್ ಬದಲಾಗುವ ಲೇಪವಿರುವ ಪುಟ್ಟ ಪಟ್ಟಿ) ಮೇಲೆ ಫ್ಲೋಟ್ ತೋಳಿನ ಬೆರಳುಗಳು ಓಡಾಡಿ ಓಡಾಡಿ ಎರಡು ಕಪ್ಪು ಗೆರೆ ಮೂಡಿದ್ದವು. ಶುಚಿ ಮಾಡಲು ಬಳಸಿದ್ದು ಐಸೊಪ್ರೊಪೈಲ್ ಆಲ್ಕೊಹಾಲ್, ನೂಲು ಬಿಡದ ಬಟ್ಟೆ, ಅಳಿಸುವ ಮೆತ್ತನೆ ರಬ್ಬರ್. ಮರಳು ಕಾಗದ ಮುಟ್ಟಿಸಿದರೆ ಲೇಪವೇ ಎದ್ದುಹೋಗುತ್ತದೆ, ಆಮೇಲೆ ಹೊಸ ಸೆಂಡರ್ ಗ್ಯಾರಂಟಿ. ಶುಚಿ ಮಾಡಿ ತೋಳನ್ನು ನಿಧಾನ ಏರಿಸಿದಾಗ ಓಮ್ ಎಲ್ಲೂ ನೆಗೆಯಬಾರದು. ನಮ್ಮದು ಒಂದು ಜಾಗದಲ್ಲಿ ಇನ್ನೂ ನೆಗೆಯುತ್ತಿತ್ತು. ಬೆರಳುಗಳನ್ನು ಒಂದು ಕೂದಲಷ್ಟು ಪಕ್ಕಕ್ಕೆ ಸರಿಸಿ, ಸವೆಯದ ಜಾಗದ ಮೇಲೆ ಓಡುವಂತೆ ಮಾಡಿದ ಮೇಲೆ ನಿಂತಿತು. ಯಾವ ಕಡೆಗೆ, ಏನು ಹಿಡಿದು ಬಗ್ಗಿಸಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಕಾರ್ಡ್ ಕಣ್ಣೆದುರು ಇದ್ದವರಿಗೆ ತಾನೇ ಹೊಳೆಯುತ್ತದೆ.

ಸೀಟು ಮುಚ್ಚುವ ಮುನ್ನ ಸೋರಿಕೆ ನೋಡಬೇಕಲ್ಲ, ಅಲ್ಲಿ ಹೈಬ್ರಿಡ್ ಆಟ ಕಟ್ಟುತ್ತದೆ. ರೆಡಿ ಆದರೂ ಇಂಜಿನ್ ಏಳದಿದ್ದರೆ ಪಂಪ್ ಒತ್ತಡ ಕಟ್ಟುವುದಿಲ್ಲ, ಎಲ್ಲ ಒಣಗಿರುವಂತೆ ಕಾಣುತ್ತದೆ. ಪಾರ್ಕಿನಲ್ಲಿಟ್ಟು ಆಕ್ಸಿಲರೇಟರ್ ಒತ್ತಿ ಇಂಜಿನ್ ಎಬ್ಬಿಸಿ, ಐದು ನಿಮಿಷ ಓಡಿಸಿ, ಆಮೇಲೆ ಮೂಸಿ ನೋಡಿ.

ಇಷ್ಟಾದರೂ ಮುಳ್ಳು ನೇರವಾಗಲಿಲ್ಲ, ಆಗುವುದೂ ಇಲ್ಲ. ಟ್ಯಾಂಕಿನ ಆಕಾರವೇ ಸೊಟ್ಟ. ಆದರೆ ಈಗ ಪ್ರತಿ ಸಲ ಒಂದೇ ಥರದ ಸುಳ್ಳು ಹೇಳುತ್ತದೆ. ಒಂದೇ ಥರ ಸುಳ್ಳು ಹೇಳುವ ಮುಳ್ಳಿಗೆ ಪಟ್ಟಿ ಬರೆಯಬಹುದು. ಒಂದೇ ಬಂಕ್, ಒಂದೇ ನಾಝಲ್, ಸಮತಟ್ಟು ನೆಲ, ನಿಧಾನ ಧಾರೆ, ನಾಝಲ್ ತಾನಾಗಿ ಮೊದಲ ಸಲ ಕಟ್ ಆದಕೂಡಲೇ ನಿಲ್ಲಿಸುವುದು. ಕತ್ತಿನವರೆಗೆ ತುಂಬಿಸಿದರೆ ಪೆಟ್ರೋಲ್ ಆವಿ ಹಿಡಿಯುವ ಇದ್ದಿಲಿನ ಕ್ಯಾನಿಸ್ಟರ್‌ಗೆ ಪೆಟ್ರೋಲ್ ನುಗ್ಗುತ್ತದೆ. ಬಂಕಿನ ಮೇಲೆ ಅನುಮಾನವಿದ್ದರೆ ಐದು ಲೀಟರಿನ ಅಳತೆ ಪಾತ್ರೆ ಕೇಳಿ, ಇಟ್ಟಿರಲೇಬೇಕು, 25 ಮಿ.ಲೀ. ತನಕದ ವ್ಯತ್ಯಾಸಕ್ಕೆ ಜಗಳ ಬೇಡ. ಖಾಲಿಯ ಹತ್ತಿರದಿಂದ ಐದೈದು ಲೀಟರ್ ಹಾಕಿಸುತ್ತ, ಪ್ರತಿ ಸಲ ಆಫ್-ಆನ್ ಮಾಡಿ ಗುರುತು ಹಾಕಿದ್ದು. ಬಂಕಿನ ಹುಡುಗರು ಗೊಣಗುತ್ತಾರೆ, ಗೊಣಗಲಿ.

ನಮಗೆ ಬಂದ ಪಟ್ಟಿ: ಮೊದಲ ಒಂಬತ್ತು ಲೀಟರ್ ಖರ್ಚಾಗುವ ತನಕ ಮುಳ್ಳು ‘ಫುಲ್’ ಬಿಟ್ಟು ಇಳಿಯುವುದಿಲ್ಲ. ‘ಅರ್ಧ’ ಅಂದರೆ ಹತ್ತೊಂಬತ್ತು-ಇಪ್ಪತ್ತು ಉಳಿದಿದೆ. ದೀಪ ಹತ್ತಿದಾಗ ಏಳು. ಕಿಲೋಮೀಟರ್ ಸೊನ್ನೆ ಅಂದಾಗಲೂ ಐದರ ಮೇಲೆ. ಕಾರಿನ ಕಂಪ್ಯೂಟರ್ ಓದುವ ಒಬಿಡಿ ಡಾಂಗಲ್ಲಿನಲ್ಲಿ ಪೆಟ್ರೋಲ್ ಮಟ್ಟ ಕೇಳುವ ಸಾಮಾನ್ಯ ಕೋಡ್ ಪಿಐಡಿ 2ಎಫ್ ಉತ್ತರವನ್ನೇ ಕೊಡಲಿಲ್ಲ; ಮೀಟರಿನದೇ ಸ್ವಂತ ವಿಳಾಸಕ್ಕೆ ಕೇಳಿದರೆ ಅರ್ಧ ಲೀಟರ್ ಲೆಕ್ಕದಲ್ಲಿ ಕೊಡುತ್ತದೆ. ಆ ವಿಳಾಸ ಹುಡುಕುವ ಶ್ರಮ ನಿಮಗೇ ಇರಲಿ.

ಮೂರನೆಯದು, ‘ಇನ್ನೆಷ್ಟು ಕಿಲೋಮೀಟರ್’ ಅನ್ನುವ ಲೆಕ್ಕ. ಅದಕ್ಕೆ ಮದ್ದಿಲ್ಲ. ಚಾಮುಂಡಿ ಬೆಟ್ಟದ ಮೇಲೆ ಟ್ರಿಪ್ ಸೊನ್ನೆ ಮಾಡಿ ಇಳಿದರೆ ಬುಡಕ್ಕೆ ಬರುವಷ್ಟರಲ್ಲಿ ಮೈಲೇಜ್ ಅಂಕಿ ಮೇಲಿನ ಮಿತಿಗೆ ಅಂಟಿಕೊಂಡಿರುತ್ತದೆ. ಬ್ಯಾಟರಿ ತುಂಬಿದ ಮೇಲೆ ಇಂಜಿನ್ ಜೋರಾಗಿ ತಿರುಗುವುದು ಕೇಳಿಸಿದರೂ ಅದು ಬ್ರೇಕಿಂಗ್, ಪೆಟ್ರೋಲ್ ಹೋಗುತ್ತಿರುವುದಿಲ್ಲ. ಟ್ರಿಪ್ ಮೀಟರ್ ಹೇಳುವ ಮೈಲೇಜ್‌ನಲ್ಲಿ ನೂರಕ್ಕೆ ಐದು ಕಳೆಯುವುದು ನಮ್ಮ ರೂಢಿ. ಇ20 (ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಬೆರೆತ ಪೆಟ್ರೋಲ್) ಬಂದ ಮೇಲೆ, ಎಥೆನಾಲ್ ಬೆರೆಯದ ಪೆಟ್ರೋಲಿನ ಹಳೇ ಅಂದಾಜಿನಿಂದ ಇನ್ನೊಂದು ಆರೇಳು ಪರ್ಸೆಂಟ್ ಇಳಿಸಿ. ಎಥೆನಾಲಿನಲ್ಲಿ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿನ ಮೂರನೇ ಎರಡರಷ್ಟೇ. ಮಂಡ್ಯದ ಕಬ್ಬಿನ ಸೀಮೆಯಲ್ಲಿ ನಿಂತು ಇದನ್ನು ಜೋರಾಗಿ ಹೇಳುವುದು ಕಷ್ಟ, ಆದರೆ ಮುಳ್ಳಿನ ತಪ್ಪಲ್ಲ ಅದು.

ಸೊನ್ನೆಯಾದರೂ ಐದು ಲೀಟರ್ ಇದೆ ಅಂತ ಎಕ್ಸ್‌ಪ್ರೆಸ್‌ವೇಯಲ್ಲಿ ಪರೀಕ್ಷೆಗೆ ಇಳಿಯಬೇಡಿ. ಪೆಟ್ರೋಲ್ ನಿಂತರೆ ಜನರೇಟರ್ ಇಂಜಿನ್ನನ್ನು ತಿರುಗಿಸಿ ತಿರುಗಿಸಿ ದೊಡ್ಡ ಬ್ಯಾಟರಿಯನ್ನೇ ಬರಿದು ಮಾಡುತ್ತದೆ, ಇಂಜಿನ್ ಏಳಲಿಲ್ಲ ಅನ್ನುವ ದೋಷದ ಕೋಡ್ ಪಿ0ಎ0ಎಫ್ ಕೂರುತ್ತದೆ. ಆಮೇಲೆ ಕ್ಯಾನಿನಲ್ಲಿ ಪೆಟ್ರೋಲ್ ತಂದು ಸುರಿದರೂ ಇಂಜಿನ್ ತಿರುಗಿಸಲು ಕರೆಂಟ್ ಉಳಿದಿರುವುದಿಲ್ಲ, ಟೋಯಿಂಗ್ ಬಿಲ್ಲು ಸೆಂಡರಿನ ಬೆಲೆಯನ್ನು ದಾಟುತ್ತದೆ. ದೀಪ ಹತ್ತಿದ ಮೇಲೆ ಮೊದಲು ಸಿಕ್ಕ ಬಂಕಿಗೆ ಸರ್ವಿಸ್ ರಸ್ತೆ ಇಳಿಯಿರಿ, ಹತ್ತು ಲೀಟರಿಗಿಂತ ಕಡಿಮೆ ಹಾಕಿಸಬೇಡಿ. ಎರಡು ಮೂರು ಲೀಟರ್ ಹಾಕಿಸಿದರೆ ಕೆಲವೊಮ್ಮೆ ಮೀಟರ್ ಅದನ್ನು ಹೊಸ ಪೆಟ್ರೋಲ್ ಅಂತ ಒಪ್ಪಿಕೊಳ್ಳುವುದೇ ಇಲ್ಲ.