ಪೆಗ್ಗನ್ನು ಗ್ರಾಮಿನಲ್ಲಿ ಅಳೆದಾಗ: ನನ್ನ ಅನುಭವ

ನಮ್ಮಲ್ಲಿ ತಯಾರಾಗುವ ವಿಸ್ಕಿ, ರಮ್, ಬ್ರಾಂದಿಯ ಬಾಟಲಿಗಳ ಮೇಲೆ ಸಾಮಾನ್ಯವಾಗಿ ಶೇ. 42.8 ಎಂಬ ಅಂಕಿ ಇರುತ್ತದೆ. ಬಾಟಲಿಯಲ್ಲಿರುವ ದ್ರವದಲ್ಲಿ ಮದ್ಯಸಾರದ ಪಾಲು ಅಷ್ಟು. ಮದ್ಯಸಾರ ನೀರಿಗಿಂತ ಹಗುರವಾದ್ದರಿಂದ ಅದರ ಒಂದು ಮಿಲಿಲೀಟರ್ ಸುಮಾರು 0.79 ಗ್ರಾಂ ತೂಗುತ್ತದೆ. ಗುಣಿಸಿ ನೋಡಿದರೆ 30 ಮಿ.ಲೀ.ಯ ಸಣ್ಣ ಪೆಗ್ಗಿನಲ್ಲಿ ಸುಮಾರು 10 ಗ್ರಾಂ, 60ರ ದೊಡ್ಡ ಪೆಗ್ಗಿನಲ್ಲಿ 20 ಗ್ರಾಂ, 180ರ ಕ್ವಾರ್ಟರಿನಲ್ಲಿ ಸುಮಾರು 60 ಗ್ರಾಂ ಮದ್ಯಸಾರ ಇದೆಯೆಂದಾಯಿತು. ಕುಡಿತವನ್ನು ಮಿತಿಗೆ ತರಬೇಕೆಂದು ಹೊರಟಾಗ ನಾನು ಮೊದಲು ಮಾಡಿಕೊಂಡದ್ದು ಈ ಲೆಕ್ಕವನ್ನು, ಏಕೆಂದರೆ ಪಿತ್ತಜನಕಾಂಗಕ್ಕೆ ತಿಳಿಯುವುದು ಗ್ರಾಂ ಮಾತ್ರ. ಬಾಟಲಿಯ ಬೆಲೆಯಾಗಲಿ, ಅದಕ್ಕೆ ಬೆರೆಸಿದ ಸೋಡಾ ಆಗಲಿ ಅದಕ್ಕೆ ಸಂಬಂಧಿಸಿದ್ದಲ್ಲ.

ಇದಕ್ಕೆ ಕಾರಣವಾದದ್ದು ಕಚೇರಿಯವರು ಮಾಡಿಸಿದ ಆರೋಗ್ಯ ತಪಾಸಣೆ. ಅಲ್ಟ್ರಾಸೌಂಡ್ ವರದಿಯಲ್ಲಿ 'ಗ್ರೇಡ್ 1 ಫ್ಯಾಟಿ ಲಿವರ್', ಅಂದರೆ ಪಿತ್ತಜನಕಾಂಗದಲ್ಲಿ ಕೊಬ್ಬು ಸೇರುವ ಮೊದಲ ಹಂತ ಎಂದಿತ್ತು, ರಕ್ತಪರೀಕ್ಷೆಯಲ್ಲಿ ಎಎಲ್‌ಟಿ (ಪಿತ್ತಜನಕಾಂಗಕ್ಕೆ ಪೆಟ್ಟಾದಾಗ ರಕ್ತದಲ್ಲಿ ಏರುವ ಕಿಣ್ವ) ಮಿತಿಗಿಂತ ಸ್ವಲ್ಪ ಮೇಲಿತ್ತು. ವೈದ್ಯರು ಇಡೀ ಪ್ರಕ್ರಿಯೆಯನ್ನು ಬಿಡಿಸಿ ಹೇಳಿದರು. ಒಳಗೆ ಹೋದ ಮದ್ಯಸಾರದ ಬಹುಪಾಲನ್ನು ಪಿತ್ತಜನಕಾಂಗವೇ ಒಡೆಯಬೇಕು. ಅದು ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷಕಾರಿ ವಸ್ತುವಾಗಿ, ಆಮೇಲೆ ಅಸಿಟೇಟ್ ಆಗಿ ಮಾರ್ಪಡುತ್ತದೆ. ಈ ಕೆಲಸ ನಡೆಯುತ್ತಿರುವಾಗ ಕೊಬ್ಬನ್ನು ಉರಿಸುವ ಕೆಲಸ ಹಿಂದೆ ಬಿದ್ದು, ಉರಿಯದ ಕೊಬ್ಬು ಜೀವಕೋಶಗಳೊಳಗೆ ಉಳಿದುಬಿಡುತ್ತದೆ. ಒಂದು ಗಂಟೆಗೆ ಏಳರಿಂದ ಹತ್ತು ಗ್ರಾಂ, ಅಂದರೆ ಹೆಚ್ಚೆಂದರೆ ಒಂದು ಸಣ್ಣ ಪೆಗ್ಗಿನಷ್ಟನ್ನು ಮಾತ್ರ ಅದು ಕರಗಿಸಬಲ್ಲದು. ನಿಂಬೆರಸ, ಮಜ್ಜಿಗೆ, ತಣ್ಣೀರಿನ ಸ್ನಾನ ಯಾವುದೂ ಈ ವೇಗವನ್ನು ಹೆಚ್ಚಿಸುವುದಿಲ್ಲ. ರಾತ್ರಿ ಹತ್ತಕ್ಕೆ ಒಂದು ಕ್ವಾರ್ಟರ್ ಮುಗಿಸಿದವನ ಪಿತ್ತಜನಕಾಂಗ ಬೆಳಗಿನ ಜಾವವೂ ದುಡಿಯುತ್ತಲೇ ಇರುತ್ತದೆ.

ಮಿತಿಯ ಮಾತು ಆಮೇಲೆ, ಮೊದಲು ಪೂರ್ತಿ ನಿಲ್ಲಿಸಿ ಎಂದು ಅವರು ಹೇಳಿದರು. ಕುಡಿತದಿಂದ ಕೂಡಿದ ಕೊಬ್ಬು ಈ ಆರಂಭದ ಹಂತದಲ್ಲಿ ಕೆಲವು ವಾರಗಳ ಸಂಯಮದಿಂದಲೇ ಇಳಿಯತೊಡಗುತ್ತದೆ. ಪಿತ್ತಜನಕಾಂಗವೇ ನಾರುಗಟ್ಟಿ ಸಿರೋಸಿಸ್‌ಗೆ ತಿರುಗಿದ ಮೇಲೆ ಆ ಅನುಕೂಲ ಇರುವುದಿಲ್ಲ. ನಾನು ಒಂದು ತಿಂಗಳಿಗೂ ಹೆಚ್ಚು ಕಾಲ ಮುಟ್ಟಲಿಲ್ಲ. ಆ ಅವಧಿಯಲ್ಲಿ ಸಂಜೆಯ ನಡಿಗೆಯನ್ನೂ ಶುರುಮಾಡಿದ್ದೆ, ಹೊಟ್ಟೆಯ ಬೊಜ್ಜೂ ಕೊಂಚ ಕರಗಿತ್ತು. ಮರುಪರೀಕ್ಷೆಯಲ್ಲಿ ಎಎಲ್‌ಟಿ ಮಿತಿಯೊಳಗೆ ಬಂದಿತು. ಇದರ ಶ್ರೇಯಸ್ಸು ಸಂಯಮಕ್ಕೆಷ್ಟು, ನಡಿಗೆಗೆಷ್ಟು ಎಂದು ಬೇರ್ಪಡಿಸಿ ಹೇಳಲಾಗದು. ಬೊಜ್ಜು ಮತ್ತು ಸಕ್ಕರೆ ಕಾಯಿಲೆ ಇರುವವರಲ್ಲಿ ಅದೇ ಪ್ರಮಾಣದ ಮದ್ಯ ಹೆಚ್ಚು ಹಾನಿ ಮಾಡುತ್ತದೆ ಎಂಬುದಂತೂ ನಿಜ.

ಮತ್ತೆ ಶುರುಮಾಡಿದಾಗ ಪೆಗ್ ಅಳೆಯುವ ಸ್ಟೀಲಿನ ಪುಟ್ಟ ಬಟ್ಟಲೊಂದನ್ನು ಕೊಂಡೆ. ಮನೆಯ ಗ್ಲಾಸಿಗೆ ಕೈಯಂದಾಜಿನಲ್ಲಿ ಸುರಿದದ್ದು 30 ಎಂದುಕೊಂಡರೂ 45ಕ್ಕೆ ಸುಲಭವಾಗಿ ಏರುತ್ತದೆ, ಎರಡನೆಯ ಸಲ ಸುರಿಯುವಾಗಲಂತೂ ಕೈ ಇನ್ನಷ್ಟು ಉದಾರವಾಗುತ್ತದೆ. ನಾನಿಟ್ಟುಕೊಂಡ ಮಿತಿ ಕುಡಿಯುವ ದಿನಕ್ಕೆ 60 ಮಿ.ಲೀ., ಅದೂ ವಾರಾಂತ್ಯದಲ್ಲಿ ಮಾತ್ರ. ಒಂದು ವಾರ ಕುಡಿಯದೆ ಉಳಿಸಿದ್ದನ್ನು ಮುಂದಿನ ವಾರಕ್ಕೆ ಸೇರಿಸಿಕೊಳ್ಳುವಂತಿಲ್ಲ, ಏಕೆಂದರೆ ಒಂದೇ ಕೂಟದಲ್ಲಿ ಬಹಳ ಕುಡಿಯುವುದು ಪಿತ್ತಜನಕಾಂಗಕ್ಕೆ ತನ್ನದೇ ಆದ ಪೆಟ್ಟು ಕೊಡುತ್ತದೆ. ಮೊದಲು ಮುದ್ದೆಯನ್ನೋ ಅನ್ನವನ್ನೋ ಉಂಡು, ಆಮೇಲೆ ಗ್ಲಾಸು ಹಿಡಿಯುವ ಕ್ರಮ ಮಾಡಿಕೊಂಡೆ. ಹಸಿದ ಹೊಟ್ಟೆಯಲ್ಲಿ ಮದ್ಯ ಬೇಗ ರಕ್ತಕ್ಕೇರುವುದು ತಪ್ಪಿತು, ಜೊತೆಗೆ ಗೋಬಿ ಮಂಚೂರಿ, ಕಾಂಗ್ರೆಸ್ ಕಡಲೆಕಾಯಿಯ ನಂಚಿಕೆಯೂ ತಾನಾಗಿ ಕಡಿಮೆಯಾಯಿತು.

ಕಷ್ಟವಾದದ್ದು ಸ್ನೇಹಿತರ ನಡುವೆ. "ಇನ್ನೊಂದು ನೈಂಟಿ ಹಾಕ್ಕೋ ಗುರು, ಏನಾಗಲ್ಲ" ಎನ್ನುವವರಿಗೆ ಮದ್ಯಸಾರದ ರಸಾಯನಶಾಸ್ತ್ರ ವಿವರಿಸುತ್ತ ಕೂರಲಾಗುವುದಿಲ್ಲ. ಗಾಡಿ ಓಡಿಸಬೇಕು ಎಂದು ಹೇಳಿ, ಹಾಗೆ ಹೇಳಿದ ದಿನ ಒಂದು ಹನಿಯನ್ನೂ ಮುಟ್ಟದೆ ಇದ್ದುಬಿಡುವುದು ಎಲ್ಲಕ್ಕಿಂತ ಸುಲಭವೆನಿಸಿತು.

ಮಿತಕುಡಿತ ಆರೋಗ್ಯಕ್ಕೆ ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ. ಸುರಕ್ಷಿತವೆನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಬ್ರಿಟನ್ನಿನ 2016ರ ಮಾರ್ಗಸೂಚಿ ವಾರಕ್ಕೆ 14 ಯೂನಿಟ್, ಅಂದರೆ 112 ಗ್ರಾಂ ದಾಟಬಾರದು ಎನ್ನುತ್ತದೆ. ನಮ್ಮ ಲೆಕ್ಕದಲ್ಲಿ ಅದು ಸುಮಾರು ಹನ್ನೊಂದು ಸಣ್ಣ ಪೆಗ್ಗು. ಅದು ಕೂಡ ಅಪಾಯ ಕಡಿಮೆಯಿರುವ ಗೆರೆಯೇ ಹೊರತು ಅಪಾಯವೇ ಇಲ್ಲದ ಗೆರೆಯಲ್ಲ. ಹೆಂಗಸರಲ್ಲಿ ಕಡಿಮೆ ಪ್ರಮಾಣವೇ ಹಾನಿ ಮಾಡುತ್ತದೆ. ಹೆಪಟೈಟಿಸ್ ಬಿ ಅಥವಾ ಸಿ ಇರುವವರಿಗೆ, ಸಿರೋಸಿಸ್ ಇರುವವರಿಗೆ ಮಿತಿಯೆಂಬ ಮಾತೇ ಅನ್ವಯಿಸುವುದಿಲ್ಲ, ಅವರು ಪೂರ್ತಿ ಬಿಡಬೇಕು. ನೆಗಡಿಗೆ ಬ್ರಾಂದಿ ಔಷಧ ಎನ್ನುವ ಹಿರಿಯರ ಮಾತನ್ನಂತೂ ನಾನು ನಕ್ಕು ಬಿಟ್ಟುಬಿಡುತ್ತೇನೆ.

ವರದಿಯ ಅಂಕಿಗಳು ಸರಿಯಿವೆ ಎಂದ ಮಾತ್ರಕ್ಕೆ ಎಲ್ಲವೂ ಸರಿಯೆಂದಲ್ಲ. ಸಿರೋಸಿಸ್ ಆಗಿರುವವರಲ್ಲೂ ಎಎಲ್‌ಟಿ ಮತ್ತು ಅದರಂಥದೇ ಇನ್ನೊಂದು ಕಿಣ್ವವಾದ ಎಎಸ್‌ಟಿ ಮಿತಿಯೊಳಗೇ ಇರಬಹುದು. ಆದ್ದರಿಂದ ವೈದ್ಯರು ಸೂಚಿಸಿದಂತೆ ಪಿತ್ತಜನಕಾಂಗದ ಗಡಸುತನವನ್ನು ಅಳೆಯುವ ಫೈಬ್ರೊಸ್ಕ್ಯಾನ್ ಕೂಡ ಮಾಡಿಸಿಕೊಂಡೆ; ಚುಚ್ಚುವುದು, ಕೊಯ್ಯುವುದು ಏನೂ ಇಲ್ಲದೆ ಕೆಲವೇ ನಿಮಿಷಗಳಲ್ಲಿ ಅದು ಮುಗಿಯಿತು.

ಈ ಕ್ರಮ ನನಗೆ ಒಗ್ಗಿದ್ದು, ಕುಡಿಯದಿದ್ದರೆ ಕೈ ನಡುಗುವ ಸ್ಥಿತಿಯನ್ನು ನಾನು ತಲುಪಿರಲಿಲ್ಲವಾದ್ದರಿಂದ. ವರ್ಷಗಟ್ಟಲೆ ದಿನವೂ ಬಹಳವಾಗಿ ಕುಡಿಯುತ್ತಿರುವವರು ಇದನ್ನೋದಿ ನಾಳೆಯಿಂದಲೇ ಒಮ್ಮೆಗೇ ನಿಲ್ಲಿಸಬಾರದು: ಅಂಥವರಿಗೆ ಫಿಟ್ಸ್ ಬರಬಹುದು, ಬುದ್ಧಿಭ್ರಮೆಯಾಗಬಹುದು, ಜೀವಕ್ಕೂ ಅಪಾಯವಾಗಬಹುದು. ಅವರು ಬಿಡಬೇಕಾದದ್ದು ವೈದ್ಯರ ನಿಗಾದಲ್ಲಿ, ಅಗತ್ಯಬಿದ್ದರೆ ಆಸ್ಪತ್ರೆಗೆ ದಾಖಲಾಗಿ, ಮಾತ್ರೆಗಳ ನೆರವಿನಿಂದ.