ದೀಪಾವಳಿಯ ಪದಬಂಧ: ಒಂದು ಮನೆಗೆ ಒಂದೇ ಅಕ್ಷರ

ಮಕ್ಕಳಿಗೆ ಹಬ್ಬದ ಪದಗಳ ಆಟ ಮಾಡಹೊರಟವರು ಎಡವುವುದು ಮೊದಲ ಹೆಜ್ಜೆಯಲ್ಲೇ. ‘ಹಣತೆ’ಗೆ ಎಷ್ಟು ಮನೆ ಬೇಕು? ಮೂರು: ಹ, ಣ, ತೆ. ಇಂಗ್ಲಿಷಿಗೆಂದು ಮಾಡಿದ ತಂತ್ರಾಂಶಕ್ಕೆ ಕೊಟ್ಟರೆ ಅದು ನಾಲ್ಕು ಮನೆ ಮಾಡಿ, ಕೊನೆಯದರಲ್ಲಿ ಎತ್ವವನ್ನು ಒಂಟಿಯಾಗಿ ಕೂರಿಸಿಬಿಡುತ್ತದೆ. ‘ಆಕಾಶಬುಟ್ಟಿ’ ಅದರ ಲೆಕ್ಕದಲ್ಲಿ 10 ತುಂಡು, ಓದುವ ಮಗುವಿಗೆ 5 ಅಕ್ಷರ. ಹಾಗಾಗಿ ಚೌಕವನ್ನು ಕೈಯಲ್ಲೇ ತುಂಬುವುದು ಲೇಸು. ಅರ್ಧ ಗಂಟೆಯ ಕೆಲಸ, ಅಷ್ಟೇ.

ಕಾಗುಣಿತ, ಒತ್ತು, ಸೊನ್ನೆ ಯಾವುದೂ ತನ್ನ ಅಕ್ಷರವನ್ನು ಬಿಟ್ಟು ಬೇರೆ ಮನೆಗೆ ಹೋಗಬಾರದು. ರಂ-ಗೋ-ಲಿ, ಕ-ಜ್ಜಾ-ಯ, ಅ-ಭ್ಯಂ-ಜ-ನ. ‘ರಾಕೆಟ್’ನಂಥ ಪದದ ಕೊನೆಯ ‘ಟ್’ಗೆ ಮಾತ್ರ ಅದರದೇ ಮನೆ. ‘ಚತುರ್ದಶಿ’ಯನ್ನು ಚಿಕ್ಕವರಿಗೆ ಕೊಡಬೇಡಿ. ಬಾಯಲ್ಲಿ ‘ತುರ್’ ಎಂದು ಹೇಳಿ, ಬರೆಯುವಾಗ ‘ರ್ದ’ವನ್ನು ಒಟ್ಟಿಗೆ ಇಡಬೇಕಾದ್ದರಿಂದ ಎಲ್ಲಿ ಕತ್ತರಿಸಬೇಕೆಂದು ಅವರಿಗೆ ತಿಳಿಯುವುದಿಲ್ಲ.

ಮೊದಲು ಪದ ಹುಡುಕುವ ಚೌಕ ಮಾಡಿ. ಒಂದು-ಎರಡನೇ ತರಗತಿಗೆ 6×6 ಮನೆ, ಒತ್ತಕ್ಷರವಿಲ್ಲದ ಐದು ಪದ ಸಾಕು: ಹಣತೆ, ತೋರಣ, ಪಟಾಕಿ, ರಂಗೋಲಿ, ಹಂಡೆ. ಮೂರನೇ ತರಗತಿಯಿಂದ ಮುಂದೆ 8×8 ಮಾಡಿ, ಇವುಗಳ ಜೊತೆ ಬತ್ತಿ, ಕಜ್ಜಾಯ, ಗೋಪೂಜೆ, ಅಭ್ಯಂಜನ, ಆಕಾಶಬುಟ್ಟಿ ಸೇರಿಸಿ. ಹತ್ತು ಪದಕ್ಕೆ 31 ಮನೆ ಹೋಗುತ್ತವೆ, ಅಂದರೆ 64ರಲ್ಲಿ ಹೆಚ್ಚುಕಡಿಮೆ ಅರ್ಧ. ಇದಕ್ಕಿಂತ ತೀರಾ ಕಡಿಮೆಯಾದರೆ ಮಗು ಬೇಸತ್ತು ಎದ್ದು ಹೋಗುತ್ತದೆ. ಹತ್ತರಲ್ಲಿ ಏಳು ಪದ ಗೊತ್ತಿರುವವು, ಮೂರು ಹೊಸವು ಇರಲಿ. ಹಂಡೆ, ಅಭ್ಯಂಜನ ಈಗಿನ ಅನೇಕ ಮಕ್ಕಳಿಗೆ ಹೊಸ ಪದಗಳೇ.

ಉದ್ದದ ಪದವನ್ನು ಮೊದಲು ಕೂರಿಸಿ, ಎರಡಕ್ಷರದವನ್ನು ಕೊನೆಗೆ. ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ, ಈ ಎರಡೇ ದಿಕ್ಕು. ಓರೆಯಾಗಿ ಇಡುವುದು ದೊಡ್ಡವರಿಗೆ. ತಿರುಗುಮುರುಗಾಗಿ ಯಾರಿಗೂ ಬೇಡ. ಓದು ಈಗಷ್ಟೇ ಕೂಡಿಬರುತ್ತಿರುವಾಗ ‘ತೆಣಹ’ ಎಂದು ಓದಿಸಿ ಏನು ಸಾಧಿಸಿದಂತಾಯಿತು?

ಖಾಲಿ ಉಳಿದ ಮನೆಗಳಿಗೆ ಬರೀ ಅ, ಕ, ಮ, ರ ತುಂಬಿದರೆ ‘ಜ್ಜಾ’, ‘ಟ್ಟಿ’ ದೂರದಿಂದಲೇ ಕಣ್ಣಿಗೆ ಹೊಡೆಯುತ್ತವೆ, ಆಟ ಎರಡೇ ನಿಮಿಷಕ್ಕೆ ಮುಗಿಯುತ್ತದೆ. ಪಟ್ಟಿಯ ಪದಗಳಲ್ಲಿರುವ ಅಕ್ಷರಗಳನ್ನೇ ಮತ್ತೆ ಚೆಲ್ಲಿ, ನಾಲ್ಕೈದು ಸುಳ್ಳು ಒತ್ತಕ್ಷರಗಳನ್ನೂ ಬೆರೆಸಿ. ಆಮೇಲೆ ಸಾಲು ಸಾಲಾಗಿ ಒಮ್ಮೆ ಓದಿ ನೋಡಿ. ‘ಮರ’, ‘ತಲೆ’ಯಂಥ ಪದ ತಾನಾಗಿಯೇ ಹುಟ್ಟಿದ್ದರೆ ಇರಲಿ, ಕಂಡುಹಿಡಿದ ಮಗುವಿಗೆ ಒಂದು ಅಂಕ ಹೆಚ್ಚು ಕೊಡಿ. ಬೈಗುಳ ಹುಟ್ಟಿದ್ದರೆ ಒಂದಕ್ಷರ ಬದಲಿಸಿ.

ಪದಬಂಧದ ಕಷ್ಟ ಬೇರೆ. ಇಲ್ಲಿ ಎರಡು ಪದ ಕೂಡುವ ಮನೆಯಲ್ಲಿ ಕಾಗುಣಿತ ಸಮೇತ ಒಂದೇ ಅಕ್ಷರ ಇರಬೇಕು. ‘ತೋರಣ’ದ ತೋ, ‘ಹಣತೆ’ಯ ತೆ ಕೂಡುವುದಿಲ್ಲ, ಆದರೆ ಎರಡರಲ್ಲೂ ‘ಣ’ ಇದೆ. ರಂಗೋಲಿ-ಗೋಪೂಜೆ ‘ಗೋ’ದಲ್ಲಿ, ದೀಪಾವಳಿ-ಬಲಿಪಾಡ್ಯಮಿ ‘ಪಾ’ದಲ್ಲಿ ಸೇರುತ್ತವೆ. ಆದರೆ ಬಲಿಪಾಡ್ಯಮಿಯನ್ನು ಮೇಲಿನಿಂದ ಕೆಳಕ್ಕೆ ಇಟ್ಟು, ‘ಲಿ’ಗೆ ರಂಗೋಲಿಯನ್ನೂ ‘ಪಾ’ಗೆ ದೀಪಾವಳಿಯನ್ನೂ ಅಡ್ಡಕ್ಕೆ ಸೇರಿಸಿದರೆ ‘ಗೋ’ದ ಕೆಳಗೇ ‘ದೀ’ ಬಂದು ಅರ್ಥವಿಲ್ಲದ ‘ಗೋದೀ’ ಆಗುತ್ತದೆ. ಅಡ್ಡ ಸಾಲುಗಳ ನಡುವೆ ಒಂದು ಸಾಲು ಬಿಡಲೇಬೇಕು. ಮಕ್ಕಳ ಪದಬಂಧಕ್ಕೆ ಆರೇಳು ಪದ ಸಾಕು, ಎಲ್ಲವೂ ಒಂದಕ್ಕೊಂದು ಕೂಡಲೇಬೇಕೆಂಬ ಹಟ ಬೇಡ.

ಶಬ್ದಭಂಡಾರ ಬೆಳೆಯುವುದು ಸುಳಿವಿನಿಂದ. ಪದಪಟ್ಟಿಯನ್ನೇ ಕೆಳಗೆ ಬರೆದುಕೊಟ್ಟರೆ ಮಗು ಅರ್ಥ ತಿಳಿಯದೆ ಆಕಾರ ಹೊಂದಿಸಿ ಸುತ್ತು ಹಾಕುತ್ತದೆ. ಬದಲಿಗೆ ಒಗಟಿನಂತೆ ಬರೆಯಿರಿ: ‘ಎಣ್ಣೆ ಕುಡಿಯುತ್ತೆ, ಬತ್ತಿ ಹೊರುತ್ತೆ, ಮೈಯೆಲ್ಲ ಮಣ್ಣು (3)’, ‘ಹಬ್ಬದ ಬೆಳಗ್ಗೆ ಇದರ ತುಂಬ ಬಿಸಿನೀರು (2)’. ಕಂಸದಲ್ಲಿ ಅಕ್ಷರಗಳ ಸಂಖ್ಯೆ ಇರಲೇಬೇಕು. ಮನೆಯಲ್ಲಿ ‘ಪಣತಿ’ ಎನ್ನುವ ಮಗುವಿಗೂ ಮೂರೇ ಅಕ್ಷರ ಬರುವುದರಿಂದ ಅಲ್ಲಿ ಕೊನೆಯ ‘ತೆ’ಯನ್ನು ಮೊದಲೇ ತುಂಬಿಕೊಡಿ. ಹುಡುಕಿದ ಪದಕ್ಕೆ ಸುತ್ತು ಹಾಕಿದರೆ ಸಾಲದು, ಪಕ್ಕದಲ್ಲಿ ಬರೆಯಲು ಗೆರೆ ಬಿಟ್ಟಿರಿ.

ಅಕ್ಷರ ಕಲಸಿ ಕೊಡುವ ಆಟಕ್ಕೆ ‘ಬತ್ತಿ’ ಒಗ್ಗದು: ‘ತ್ತಿ’ ಪದದ ಮೊದಲಿಗೆ ಬರುವುದಿಲ್ಲ, ಉತ್ತರ ತಾನೇ ಬಿಟ್ಟುಕೊಡುತ್ತದೆ. ಮೂರಕ್ಷರದ ಪದವನ್ನು 6 ಬಗೆಯಲ್ಲಿ ಜೋಡಿಸಬಹುದು, ಐದಕ್ಷರದ್ದನ್ನು 120 ಬಗೆಯಲ್ಲಿ. ಐದಕ್ಕೆ ಹೋದಾಗ ಮೊದಲಕ್ಷರ ಹೇಳಿಬಿಡಿ.

ಮುದ್ರಿಸುವಾಗ ಮನೆ 1.5 ಸೆಂ.ಮೀ. ಇರಲಿ, ಅಕ್ಷರ 20 ಪಾಯಿಂಟ್. 8×8 ಚೌಕ ಆಗ 12 ಸೆಂ.ಮೀ. ಆಗಿ, ಎ4 ಹಾಳೆಯಲ್ಲಿ ಸುಳಿವಿಗೂ ಜಾಗ ಉಳಿಯುತ್ತದೆ. ಸಾಲಿನ ಎತ್ತರ ಕಡಿಮೆಯಾದರೆ ಕೆಳಗಿನ ಒತ್ತು ಗೆರೆಗೆ ತಾಗಿ ‘ಟ್ಟಿ’ ಬರೀ ‘ಟಿ’ಯಂತೆ ಕಾಣುತ್ತದೆ. ಹತ್ತು ಪ್ರತಿ ತೆಗೆಯುವ ಮುಂಚೆ ಒಂದನ್ನು ತೆಗೆದು, ಪಟ್ಟಿ ನೋಡದೆ ನೀವೇ ಬಿಡಿಸಿ.